ಒಂದು ಮುಂಜಾನೆಯ ಹೊಲ: ಗೇಮ್‌ನಲ್ಲಿ ಮಧ್ಯಯುಗದ ಊರನ್ನು ಅಳತೆ ಹಿಡಿದು ಕಟ್ಟಿದ್ದು

ನಾನು ಸರ್ವೆ ಕೆಲಸ ಮಾಡುವವನು. ಹಗಲೆಲ್ಲ ಹಾವೇರಿ ಸುತ್ತಮುತ್ತಲಿನ ಹೊಲಗಳಲ್ಲಿ ಹದ್ದುಬಸ್ತು, ಪೋಡಿ, ಅಣ್ಣತಮ್ಮಂದಿರ ಹಿಸ್ಸಾ ಅಂತ ಓಡಾಟ. ರಾತ್ರಿ ಊಟ ಆದಮೇಲೆ ಒಂದು ಗಂಟೆ, ಒಂದೂವರೆ ಗಂಟೆ ಕಂಪ್ಯೂಟರ್ ಮುಂದೆ ಕೂತು ಊರು ಕಟ್ಟುವ ಗೇಮ್ ಆಡುತ್ತೇನೆ. ಕಾಲೇಜಿನಲ್ಲಿ ಇದ್ದಾಗ 2001ರ ಸ್ಟ್ರಾಂಗ್‌ಹೋಲ್ಡ್‌ನಿಂದ ಶುರುವಾದ ಚಟ ಇದು. ಆಮೇಲೆ ಆನೋ 1404, ಆಮೇಲೆ 2014ರಲ್ಲಿ ಬಂದ ಬ್ಯಾನಿಶ್ಡ್. ಈಗ ಎರಡು ವರ್ಷದಿಂದ ಮ್ಯಾನರ್ ಲಾರ್ಡ್ಸ್.

ಮ್ಯಾನರ್ ಲಾರ್ಡ್ಸ್ 2024ರ ಏಪ್ರಿಲ್ 26ಕ್ಕೆ ಬಂತು. ಪೋಲೆಂಡಿನ ಒಬ್ಬನೇ ಮನುಷ್ಯ ಶುರು ಮಾಡಿದ ಗೇಮ್. ಕಾಲ 14ನೇ ಶತಮಾನದ ಕೊನೆ, ಜಾಗ ಜರ್ಮನಿಯ ಫ್ರಾಂಕೋನಿಯಾ, ಅಂದರೆ ನ್ಯೂರೆಂಬರ್ಗ್ ಇರುವ ಸೀಮೆ. ಐದು ಕುಟುಂಬ, ಒಂದು ಎತ್ತು, ಕೆಲವು ಗುಡಾರ. ಇಷ್ಟರಿಂದ ಊರು ಕಟ್ಟಬೇಕು. ಇದರಲ್ಲಿ ನಿಜವಾದ ಮಧ್ಯಯುಗದ ಊರಿಗೆ ಎಷ್ಟು ಹತ್ತಿರ ಹೋಗಬಹುದು ಅಂತ ನೋಡಲು ನಾನೇ ಕೆಲವು ನಿಯಮ ಹಾಕಿಕೊಂಡು ಸುಮಾರು ಎಂಟು ತಿಂಗಳು ಆಡಿದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶುರುವಾಗಿದ್ದು ಹೀಗೆ. ಈ ಗೇಮ್‌ನಲ್ಲಿ ಮನೆ ಕಟ್ಟಲು ರೆಡಿ ಚೌಕ ಇರೋದಿಲ್ಲ. ನಾಲ್ಕು ಮೂಲೆ ನಾವೇ ಗುರುತು ಹಾಕಬೇಕು. ಹಾಗೆ ಹಾಕಿದ ಜಾಗಕ್ಕೆ ಬರ್ಗೇಜ್ ಪ್ಲಾಟ್ ಅಂತ ಹೆಸರು. ನನ್ನ ಕೈ ಸುಮ್ನೆ ಅಭ್ಯಾಸಬಲದಿಂದ ಒಂದೇ ಅಳತೆಯ ಗಿಡ್ಡ ಸೈಟುಗಳನ್ನು ಎಳೆಯುತ್ತಾ ಹೋಯಿತು. ನೇರ ರಸ್ತೆ, ಎರಡೂ ಕಡೆ ಸೈಟು, ಮತ್ತೆ ಅಡ್ಡರಸ್ತೆ. ಮೂರು ದಿನ ಆದಮೇಲೆ ಮೇಲಿಂದ ನೋಡಿದರೆ ಅದು ಥೇಟ್ 30-40 ಸೈಟಿನ ಹೊಸ ಲೇಔಟ್! ಹುಲ್ಲಿನ ಚಾವಣಿ ಇದೆ, ಮರದ ಚರ್ಚ್ ಇದೆ, ಕೆಸರಿನ ದಾರಿ ಇದೆ. ಆದರೆ ನೆಲದ ಮೇಲಿನ ಗೆರೆ ಮಾತ್ರ ನಮ್ಮ ಕಾಲದ್ದು. ಗೆರೆ ತಪ್ಪಾದರೆ ಮೇಲೆ ಏನು ಕಟ್ಟಿದರೂ ತಪ್ಪೇ ಅಂತ ನನಗೆ ಆಗಲೇ ಅನ್ನಿಸಿತು, ಯಾಕೆಂದರೆ ದಿನವೂ ನನ್ನ ಕೆಲಸದಲ್ಲಿ ನೋಡೋದು ಅದೇ. ಮನೆ ಬೀಳುತ್ತದೆ, ಮತ್ತೆ ಕಟ್ಟುತ್ತಾರೆ. ಬದು ಮಾತ್ರ ಅಲ್ಲೇ ಇರುತ್ತದೆ.

ಈ ಗೇಮ್‌ಗಳ ಬಗ್ಗೆ ಜನ ವಾದ ಮಾಡುವುದು ಜಾಸ್ತಿ ಕವಚ, ಕತ್ತಿ, ಕೋಟೆಯ ಗೋಪುರದ ಆಕಾರದ ಬಗ್ಗೆ. ಇಲ್ಲವೇ ಬೆಳೆಯ ಬಗ್ಗೆ. ಬ್ಯಾನಿಶ್ಡ್‌ನಲ್ಲಿ ಮೆಕ್ಕೆಜೋಳ, ಆಲೂಗಡ್ಡೆ, ಕುಂಬಳಕಾಯಿ ಬೆಳೆಯಬಹುದು. ಅದು ಯಾವ ಕಾಲ ಅಂತ ಆ ಗೇಮ್ ಹೇಳುವುದಿಲ್ಲ, ಹಾಗಾಗಿ ಅದರ ತಪ್ಪಲ್ಲ. ಆದರೆ ನೋಡಿದವರೆಲ್ಲ ಅದನ್ನು ಮಧ್ಯಯುಗ ಅಂದುಕೊಳ್ಳುತ್ತಾರೆ. ಈ ಬೆಳೆಗಳೆಲ್ಲ ಕೊಲಂಬಸ್ 1492ರಲ್ಲಿ ಅಮೆರಿಕ ಮುಟ್ಟಿದ ಮೇಲೆ ಯುರೋಪಿಗೆ ಬಂದವು. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಮೂಲವೂ ಅಲ್ಲೇ ಅಲ್ವಾ, ಪೋರ್ಚುಗೀಸರು ತಂದದ್ದು. ಅದಕ್ಕಿಂತ ಮೊದಲು ಇಲ್ಲಿ ಖಾರಕ್ಕೆ ಇದ್ದದ್ದು ಕಾಳುಮೆಣಸು. ಇಂಥ ತಪ್ಪು ಹುಡುಕುವುದು ಸುಲಭ, ಬೆಳೆಯ ಹೆಸರು ಬದಲಿಸಿದರೆ ಸರಿ ಹೋಗುತ್ತದೆ. ನನಗೆ ಬೇಕಾಗಿದ್ದು ಅದಲ್ಲ. ಆ ಊರಿನಲ್ಲಿ ನೆಲ, ಎತ್ತು, ಕಾಳು, ಮನುಷ್ಯ ಒಂದಕ್ಕೊಂದು ಹೇಗೆ ಕಟ್ಟಿಕೊಂಡಿದ್ದವು ಅನ್ನೋದು ಗೇಮ್‌ನಲ್ಲಿ ಕೈಗೆ ಸಿಗಬೇಕಿತ್ತು.

ಹಾಗಾಗಿ ಹಳೇ ಊರಿನ ಸೈಟಿನ ಅಳತೆ ಹುಡುಕಿದೆ. ಫ್ರೈಬುರ್ಗ್ ಅಂತ ಒಂದು ಊರು, ಜರ್ಮನಿಯ ನೈಋತ್ಯ ಮೂಲೆಯಲ್ಲಿದೆ. 1120ರಲ್ಲಿ ಅದನ್ನು ಕಟ್ಟಿಸಿದಾಗ ವ್ಯಾಪಾರಿಗಳಿಗೆ ಕೊಟ್ಟ ಸೈಟು 50 ಅಡಿ ಅಗಲ, 100 ಅಡಿ ಉದ್ದ, ವರ್ಷಕ್ಕೆ ಒಂದು ಶಿಲ್ಲಿಂಗ್ ಬಾಡಿಗೆ. ಇನ್ನೊಂದು ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್ ಅಪಾನ್ ಏವನ್. 1196ರಲ್ಲಿ ವುಸ್ಟರ್‌ನ ಬಿಷಪ್ ಅಲ್ಲಿ ಹೊಸ ಊರಿಗೆ ಸೈಟು ಹಾಕಿಸಿದ. ಒಂದೊಂದು ಸೈಟು ಮೂರೂವರೆ ಪರ್ಚ್ ಅಗಲ, 12 ಪರ್ಚ್ ಉದ್ದ. ಬಾಡಿಗೆ ವರ್ಷಕ್ಕೆ 12 ಪೆನ್ನಿ.

ಪರ್ಚ್ ಅಂದರೆ ಹದಿನಾರೂವರೆ ಅಡಿಯ ಅಳತೆ ಕೋಲು. ಇದನ್ನು ಓದಿದಾಗ ನನ್ನ ತಲೆಯಲ್ಲಿ ಲೆಕ್ಕ ತಾನಾಗಿ ಓಡಿತು. ಎರಡು ಪರ್ಚ್ ಸೇರಿದರೆ 33 ಅಡಿ. 33 ಅಡಿ ಅಂದರೆ ನಮ್ಮ ಗುಂಟೆ ಸರಪಳಿ! 33 ಅಡಿ ಉದ್ದ 33 ಅಡಿ ಅಗಲ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಪಹಣಿಯಲ್ಲಿ ದಿನಾ ನೋಡುವ ಎಕರೆ-ಗುಂಟೆ ಇಂಗ್ಲೆಂಡಿನ ಆ ಎತ್ತಿನ ಕಾಲದ ಕೋಲಿನಿಂದಲೇ ಬಂದದ್ದು, ಬ್ರಿಟಿಷರ ಸರ್ವೆ ಜೊತೆ ಇಲ್ಲಿಗೆ ಬಂತು. ಎಕರೆ ಅಂದರೆ ಮೂಲದಲ್ಲಿ ಒಂದು ನೇಗಿಲು ಒಂದು ದಿನ ಉಳುವಷ್ಟು ನೆಲ. ಉದ್ದ 40 ಪರ್ಚ್, ಅಗಲ 4 ಪರ್ಚ್. ಆ ಉದ್ದಕ್ಕೆ ಫರ್ಲಾಂಗ್ ಅಂತ ಹೆಸರು, ಅಂದರೆ ಒಂದು ಸಾಲಿನ ಉದ್ದ. ಸ್ಟ್ರಾಟ್‌ಫರ್ಡ್‌ನ ಸೈಟನ್ನು ನಮ್ಮ ಲೆಕ್ಕಕ್ಕೆ ತಂದರೆ ಸರಿಯಾಗಿ ಹತ್ತೂವರೆ ಗುಂಟೆ. ಹದಿನೈದು ವರ್ಷದಿಂದ ಈ ಅಳತೆಯಲ್ಲೇ ಕೆಲಸ ಮಾಡುತ್ತಿದ್ದೇನೆ, ಅದರ ಬೇರು ಇಷ್ಟು ಹಳೆಯದು ಅಂತ ನನಗೆ ಗೊತ್ತಾಗಿದ್ದು ಒಂದು ಗೇಮ್‌ನ ನೆಪದಿಂದ. ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಗೇಮ್‌ನ ಅಳತೆಗೂ ನಿಜವಾದ ಅಡಿಗೂ ನೇರ ಹೊಂದಿಕೆ ಇಲ್ಲ. ಅದಕ್ಕೆ ಅಡಿ ಬಿಟ್ಟು ಪ್ರಮಾಣ ಮಾತ್ರ ಹಿಡಿದೆ. ಒಂದು ರಟ್ಟಿನ ತುಂಡನ್ನು 14 ಮಿಲಿಮೀಟರ್ ಅಗಲ, 48 ಮಿಲಿಮೀಟರ್ ಉದ್ದ ಕತ್ತರಿಸಿದೆ. ಮೂರೂವರೆಗೆ ಹನ್ನೆರಡು, ಅದೇ ಪ್ರಮಾಣ. ಕ್ಯಾಮೆರಾವನ್ನು ನೆಟ್ಟಗೆ ಮೇಲಿಂದ ನಿಲ್ಲಿಸಿ, ಒಂದು ಮನೆಯ ಮುಖ ರಟ್ಟಿನ ಅಗಲಕ್ಕೆ ಹೊಂದುವ ಹಾಗೆ ಜೂಮ್ ಮಾಡಿ, ರಟ್ಟನ್ನು ಸ್ಕ್ರೀನ್ ಮೇಲೆ ಇಟ್ಟು, ಹಿಂದಿನ ಎರಡು ಮೂಲೆ ಎಲ್ಲಿ ಬರಬೇಕು ಅಂತ ನೋಡಿ ಕ್ಲಿಕ್ ಮಾಡುತ್ತಿದ್ದೆ. ಪ್ರತಿ ಸೈಟಿಗೂ ಹೀಗೆ. ಮನೆಯಲ್ಲಿ ಇವಳು ನೋಡಿ, "ರೀ, ಆಫೀಸಿನ ನಕ್ಷೆ ಮನೇಲಿ ಯಾಕೆ ಮಾಡ್ತಿದ್ದೀರಿ?" ಅಂತ ಕೇಳಿದಳು.

ಉದ್ದ ಸೈಟು ಯಾಕೆ ಅಂದರೆ ಎಲ್ಲರಿಗೂ ರಸ್ತೆ ಕಡೆ ಮುಖ ಬೇಕು, ವ್ಯಾಪಾರ ನಡೆಯುವುದು ಅಲ್ಲೇ. ರಸ್ತೆ ಮುಖ ಕಡಿಮೆ, ಜನ ಜಾಸ್ತಿ. ಹಾಗಾಗಿ ಎಲ್ಲರಿಗೂ ಚೂರು ಚೂರು ಮುಖ ಕೊಟ್ಟು ಹಿಂದಕ್ಕೆ ಎಳೆಯುತ್ತಾರೆ. ಮುಂದೆ ಮನೆ, ಹಿಂದೆ ಹಿತ್ತಿಲು: ಬಾವಿ, ಕೋಳಿಗೂಡು, ಹಂದಿ ದೊಡ್ಡಿ, ಕಾಯಿಪಲ್ಲೆ, ತಿಪ್ಪೆ, ಕೆಲಸದ ಕೊಟ್ಟಿಗೆ. ಮ್ಯಾನರ್ ಲಾರ್ಡ್ಸ್ ಇದನ್ನು ಚೆನ್ನಾಗಿ ಹಿಡಿದಿದೆ. ಸೈಟು ಆಳ ಇದ್ದರೆ ಮಾತ್ರ ಹಿತ್ತಿಲು ಸಿಗುತ್ತದೆ, ಹಿತ್ತಿಲು ದೊಡ್ಡದಿದ್ದರೆ ತರಕಾರಿ ಜಾಸ್ತಿ. ನನ್ನ ಪ್ರಕಾರ ಊರು ಕಟ್ಟುವ ಗೇಮ್‌ಗಳಲ್ಲಿ ಇಷ್ಟು ನಿಜವಾದ ಒಂದು ವಿಷಯವನ್ನು ಆಟದ ನಡುಮಧ್ಯೆ ತಂದು ಇಟ್ಟದ್ದು ಇದೇ ಮೊದಲು.

ಆದರೆ ಸೈಟಿಗಿಂತ ಮೊದಲು ದಾರಿ. ಎರಡನೇ ಸಲ ಶುರು ಮಾಡಿದಾಗ ನಾನು ಒಂದು ಮನೆಯನ್ನೂ ಹಾಕದೆ, ಹಳ್ಳವನ್ನು ಎಲ್ಲಿ ಸುಲಭವಾಗಿ ದಾಟಬಹುದು, ಇಳಿಜಾರು ಎಲ್ಲಿ ಕಡಿಮೆ ಅಂತ ನೋಡಿ, ಗಾಡಿ ಹೋಗುವ ಹಾಗೆ ಒಂದೇ ದಾರಿ ಎಳೆದೆ. ದಾರಿ ಬಳುಕಿತು. ಬಳುಕಲಿ ಅಂತ ಬಿಟ್ಟೆ. ಸೈಟುಗಳೂ ಅದರ ಜೊತೆ ಬಳುಕಿದವು. ಸಂತೆಗೆ ಚೌಕ ಮೈದಾನ ಹಾಕಲಿಲ್ಲ. ಹಳೆಯ ಎಷ್ಟೋ ಊರುಗಳಲ್ಲಿ ಸಂತೆ ಅಂದರೆ ಅದೇ ದಾರಿಯ ನಡುವೆ ಅಗಲವಾದ ಜಾಗ, ಎರಡೂ ತುದಿ ಕಿರಿದು, ಹೊಟ್ಟೆ ಅಗಲ. ಗೇಮ್‌ನಲ್ಲೂ ಸಂತೆಯ ಮೂಲೆ ನಾವೇ ಹಾಕುವುದರಿಂದ ಹಾಗೇ ಮಾಡಬಹುದು. ಎಲ್ಲ ಸೈಟುಗಳ ಬೆನ್ನಿಗೆ ಒಂದು ಹಿಂದಿನ ಓಣಿ ಎಳೆದೆ, ದನ ಹೊಡೆದುಕೊಂಡು ಹೋಗಲು, ಗೊಬ್ಬರ ಸಾಗಿಸಲು. ಇಷ್ಟು ಮಾಡಿ ಮೇಲಿಂದ ನೋಡಿದಾಗ ಊರು ಮೀನಿನ ಮುಳ್ಳಿನ ಹಾಗೆ ಕಂಡಿತು. ಹಳೇ ಊರುಗಳ ನಕ್ಷೆ ಕೂಡ ಹಾಗೇ ಇರುತ್ತದೆ.

ಹೊಲದ ಕಥೆ ಬೇರೆ. ಗೇಮ್‌ನಲ್ಲಿ ಹೊಲದ ಅಳತೆ ಮೊರ್ಗೆನ್ ಅಂತ ತೋರಿಸುತ್ತದೆ. ಜರ್ಮನ್‌ನಲ್ಲಿ ಮೊರ್ಗೆನ್ ಅಂದರೆ ಮುಂಜಾನೆ. ಒಬ್ಬ ಮನುಷ್ಯ ಒಂದು ಮುಂಜಾನೆಯಲ್ಲಿ ಉಳುವಷ್ಟು ನೆಲ ಒಂದು ಮೊರ್ಗೆನ್. ಇದು ನನಗೆ ಹೊಸದಾಗಿ ಕಾಣಲಿಲ್ಲ. ನಮ್ಮ ಕಡೆ ಹಳಬರು ಈಗಲೂ "ಎಷ್ಟು ಕೂರಿಗೆ ಹೊಲ ಐತಿ?" ಅಂತ ಕೇಳುತ್ತಾರೆ. ಹಳೇ ಮೈಸೂರು ಕಡೆ ಖಂಡುಗ, ಕೊಳಗ ಬಿತ್ತನೆ ಲೆಕ್ಕದಲ್ಲಿ ಗದ್ದೆ ಹೇಳುತ್ತಾರೆ. ನೆಲವನ್ನು ಕೆಲಸದಿಂದಲೋ ಬೀಜದಿಂದಲೋ ಅಳೆಯುವುದು ಎಲ್ಲ ರೈತರ ರೀತಿ.

ಒಂದು ಭಾನುವಾರ ದೊಡ್ಡಪ್ಪ ಬಂದಿದ್ದರು. ನಲವತ್ತು ವರ್ಷ ನೇಗಿಲು ಹಿಡಿದ ಕೈ. ನಾನು ಆಡುತ್ತಿದ್ದಾಗ ಹಿಂದೆ ಕುರ್ಚಿ ಹಾಕಿಕೊಂಡು ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ತಮ್ಮಾ, ಒಂದ ಎತ್ತು ಯಾಕ ಹೂಡ್ಯಾರ? ಜೋಡಿ ಎಲ್ಲಿ?" ನಾನು ಏನೋ ಹೇಳುವಷ್ಟರಲ್ಲಿ ಇನ್ನೊಂದು: "ಹೊಲದ ತುದಿಗೆ ಎತ್ತು ತಿರುಗಾಕ ಜಾಗಾನ ಇಲ್ಲಲ್ಲೋ."

ಈ ಎರಡು ಪ್ರಶ್ನೆ ನನ್ನ ಇಡೀ ಆಟ ಬದಲಿಸಿದವು. ಯುರೋಪಿನ ಉತ್ತರದ ನೆಲ ಜಿಗುಟು, ತೇವ ಜಾಸ್ತಿ. ಅಲ್ಲಿ ಉಳಲು ಭಾರದ ನೇಗಿಲು ಬೇಕು, ಮಣ್ಣನ್ನು ಮಗುಚಿ ಹಾಕುವಂಥದ್ದು. ಅದಕ್ಕೆ ಇಂಗ್ಲೆಂಡಿನ ಲೆಕ್ಕದಲ್ಲಿ ಎಂಟು ಎತ್ತು. 1086ರಲ್ಲಿ ವಿಲಿಯಂ ರಾಜ ಮಾಡಿಸಿದ ಡೋಮ್ಸ್‌ಡೇ ಲೆಕ್ಕಪುಸ್ತಕದಲ್ಲಿ ಒಂದು ನೇಗಿಲಿಗೆ ಎಂಟು ಎತ್ತು ಅಂತಲೇ ಹಿಡಿದಿದ್ದಾರೆ. ಎಂಟು ಎತ್ತು ಯಾವ ಸಾಮಾನ್ಯ ರೈತನ ಹತ್ತಿರವೂ ಇರಲಿಲ್ಲ. ಒಬ್ಬನದು ಒಂದು, ಇನ್ನೊಬ್ಬನದು ಎರಡು, ಹೀಗೆ ಕೂಡಿಸಿ ಎಲ್ಲರ ಹೊಲವನ್ನೂ ಸರದಿಯಂತೆ ಉಳುತ್ತಿದ್ದರು. ನಮ್ಮ ಮುಯ್ಯಿ ಪದ್ಧತಿ ಇದ್ದ ಹಾಗೇ. ಎಂಟು ಎತ್ತಿನ ಸಾಲನ್ನು ತಿರುಗಿಸುವುದು ಅಂದರೆ ಹುಡುಗಾಟ ಅಲ್ಲ. ಅದಕ್ಕೇ ಸಾಲು ಉದ್ದ ಇದ್ದಷ್ಟೂ ಒಳ್ಳೆಯದು, ತಿರುವು ಕಡಿಮೆ. ಅದಕ್ಕೇ ಹೊಲಗಳು ಉದ್ದನೆಯ ಪಟ್ಟಿ. ಹೊಲದ ತುದಿ ಬರುವ ಮೊದಲೇ ಮುಂದಿನ ಎತ್ತುಗಳನ್ನು ಒಂದು ಬದಿಗೆ ವಾಲಿಸಬೇಕು. ಹಾಗೆ ವಾಲಿಸಿ ವಾಲಿಸಿ ನೂರಾರು ವರ್ಷದಲ್ಲಿ ಪಟ್ಟಿಯೇ ತಿರುಗಿಸಿ ಬರೆದ ಎಸ್ ಅಕ್ಷರದ ಹಾಗೆ ಬಾಗಿತು. ಇಂಗ್ಲೆಂಡಿನ ನಡುನಾಡಿನಲ್ಲಿ ಉಳುಮೆ ನಿಂತು ಹುಲ್ಲುಗಾವಲಾದ ಜಾಗಗಳಲ್ಲಿ ಆ ಏರುತಗ್ಗು ಇನ್ನೂ ಇದೆ. ಸಂಜೆಯ ಓರೆ ಬಿಸಿಲಿನಲ್ಲಿ ವಿಮಾನದಿಂದ ತೆಗೆದ ಫೋಟೋ ನೋಡಿದರೆ ಆ ಬಾಗು ಎದ್ದು ಕಾಣುತ್ತದೆ. ಎತ್ತಿನ ಹೆಜ್ಜೆ ನೆಲದಲ್ಲಿ ಹಾಗೇ ಉಳಿದುಬಿಟ್ಟಿದೆ.

ಗೇಮ್‌ನಲ್ಲಿ ಭಾರದ ನೇಗಿಲನ್ನು ಬೇಗನೇ ತೆಗೆದುಕೊಳ್ಳಬಹುದು, ಒಂದೇ ಎತ್ತು ಎಳೆಯುತ್ತದೆ. ನಾನು ನಿಯಮ ಹಾಕಿಕೊಂಡೆ: ಊರಿನಲ್ಲಿ ಎಂಟು ಎತ್ತು ಆಗುವವರೆಗೆ ನೇಗಿಲು ಬೇಡ, ಕೈಯಲ್ಲೇ ಅಗೆಯಲಿ. ಹೊಲವನ್ನು ಒಂದೇ ದೊಡ್ಡ ತುಂಡಾಗಿ ಹಾಕಲಿಲ್ಲ. ಒಂದು ಪಟ್ಟಿಯನ್ನು ಮೂರು ತುಂಡು ಮಾಡಿ, ಮೊದಲನೆಯದನ್ನು ಸ್ವಲ್ಪ ಎಡಕ್ಕೆ, ನಡುವಿನದನ್ನು ನೇರಕ್ಕೆ, ಕೊನೆಯದನ್ನು ಸ್ವಲ್ಪ ಬಲಕ್ಕೆ ತಿರುಗಿಸಿ ಜೋಡಿಸಿದೆ. ತುದಿಯಲ್ಲಿ ಎತ್ತು ತಿರುಗಲು ಖಾಲಿ ನೆಲ ಬಿಟ್ಟೆ. ಮುಂದಿನ ಸಲ ದೊಡ್ಡಪ್ಪ ಬಂದಾಗ ತೋರಿಸಿದೆ. "ಈಗ ಹೊಲ ಆತು ನೋಡು" ಅಂದರು.

ಬೆಳೆ ಸರದಿಗೆ ಗೇಮ್‌ನಲ್ಲೇ ವ್ಯವಸ್ಥೆ ಇದೆ, ಮೂರು ವರ್ಷದ ಲೆಕ್ಕ. ನಿಜದಲ್ಲೂ ಮೂರೇ: ಒಂದು ವರ್ಷ ಚಳಿಗಾಲದ ಬೆಳೆಯಾಗಿ ಗೋಧಿ ಅಥವಾ ರೈ, ಮುಂದಿನ ವರ್ಷ ವಸಂತದಲ್ಲಿ ಬಾರ್ಲಿ, ಓಟ್ಸ್ ಅಥವಾ ಬಟಾಣಿ ಜಾತಿ, ಮೂರನೇ ವರ್ಷ ಬೀಳು. ವ್ಯತ್ಯಾಸ ಏನೆಂದರೆ ನಿಜದಲ್ಲಿ ಈ ಸರದಿ ಒಬ್ಬನ ಹೊಲಕ್ಕಲ್ಲ, ಇಡೀ ಊರಿಗೆ. ಊರಿನ ಸುತ್ತ ಮೂರು ದೊಡ್ಡ ಬಯಲು, ಒಂದೊಂದರಲ್ಲೂ ಎಲ್ಲರ ಪಟ್ಟಿ. ಒಂದು ಬಯಲು ಬೀಳು ಬಿಟ್ಟರೆ ಎಲ್ಲರೂ ಅಲ್ಲಿ ಬೀಳು ಬಿಡಬೇಕು, ಊರಿನ ದನ ಕುರಿ ಎಲ್ಲ ಅಲ್ಲಿ ಮೇಯುತ್ತವೆ, ಗೊಬ್ಬರ ಬೀಳುತ್ತದೆ. ನಮ್ಮಲ್ಲಿ ಸುಗ್ಗಿ ಮುಗಿದ ಹೊಲದಲ್ಲಿ ಕುರಿ ತರುಬುತ್ತಾರಲ್ಲ, ಅದೇ ಲೆಕ್ಕ. ಹಾಗಾಗಿ ನಾನು ಒಂದೊಂದು ಬಯಲಿನ ಎಲ್ಲ ಪಟ್ಟಿಗೂ ಒಂದೇ ಸರದಿ ಹಾಕಿದೆ. ಯಾವ ಪಟ್ಟಿಗೂ ವಿನಾಯಿತಿ ಇಲ್ಲ.

ಇನ್ನು ಕಾಳಿನ ಲೆಕ್ಕ. ನನಗೆ ಅತಿ ಕಷ್ಟ ಆಗಿದ್ದು ಇಲ್ಲಿ. ನಾನು ಆಡಿದ ಆವೃತ್ತಿಯಲ್ಲಿ ಬಿತ್ತನೆಗೆ ಅಂತ ಕಾಳು ಕಳೆಯುವುದಿಲ್ಲ. ಹೊಲಕ್ಕೆ ಹೋಗುತ್ತಾರೆ, ಬಿತ್ತುತ್ತಾರೆ, ಬೀಜ ಎಲ್ಲಿಂದಲೋ ಬರುತ್ತದೆ. ರೈತನ ಮನೆಯಲ್ಲಿ ಹುಟ್ಟಿದವನಿಗೆ ಇದು ಒಪ್ಪುವ ಮಾತಲ್ಲ. ಆ ಕಾಲದಲ್ಲಿ ಒಂದು ಚೀಲ ಬಿತ್ತಿದರೆ ಮೂರು, ಒಳ್ಳೇ ವರ್ಷ ನಾಲ್ಕು ಚೀಲ ಬರುತ್ತಿತ್ತು. ಅಷ್ಟೇ. ನಾಲ್ಕು ಚೀಲ ಬಂತು ಅಂತ ಇಟ್ಟುಕೊಳ್ಳಿ. ಒಂದು ಚೀಲ ಮುಂದಿನ ಬೀಜಕ್ಕೆ. ಬಂದದ್ದರಲ್ಲಿ ಹತ್ತರಲ್ಲಿ ಒಂದು ಪಾಲು ಚರ್ಚಿಗೆ. ಬೀಸಿಸಲು ಹೋದರೆ ಗಿರಣಿಗೆ ಒಂದು ಪಾಲು, ಹಲವು ಕಡೆ ಹದಿನಾರರಲ್ಲಿ ಒಂದು. ಒಡೆಯನ ಗೇಣಿ ಬೇರೆ. ಮಿಕ್ಕಿದ್ದು ಮನೆಗೆ. ಎರಡು ಚೀಲಕ್ಕಿಂತ ಸ್ವಲ್ಪ ಹೆಚ್ಚು ಉಳಿದರೆ ಪುಣ್ಯ.

ಇದನ್ನು ಗೇಮ್‌ಗೆ ತಂದದ್ದು ಹೀಗೆ. ಚರ್ಚಿನ ಹತ್ತರ ಪಾಲಿಗೆ ಗೇಮ್‌ನಲ್ಲೇ ಜಾಗ ಇದೆ, ಅದನ್ನು ಹತ್ತಕ್ಕೆ ಇಟ್ಟೆ. ಬೀಜಕ್ಕೆ ಬೇರೆ ದಾರಿ ಇರಲಿಲ್ಲ. ಸುಗ್ಗಿ ಆಗಿ ಕಾಳು ಬಡಿದ ಮೇಲೆ ನಾಲ್ಕರಲ್ಲಿ ಒಂದು ಪಾಲನ್ನು ವ್ಯಾಪಾರದ ಅಂಗಡಿಯ ಮೂಲಕ ಹೊರಗೆ ಮಾರಿದೆ. ಬಂದ ದುಡ್ಡನ್ನು ಒಂದು ನೋಟ್‌ಬುಕ್ಕಿನಲ್ಲಿ "ಬೀಜದ ದುಡ್ಡು" ಅಂತ ಬರೆದಿಟ್ಟೆ. ಅದನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಆ ಪ್ರಮಾಣದಲ್ಲಿ ಮುಂದಿನ ವರ್ಷ ಪಟ್ಟಿಗಳನ್ನು ಬಿತ್ತದೆ ಬಿಡಬೇಕು.

ಗೇಮ್‌ನ ಮೂರನೇ ವರ್ಷ. ಹನ್ನೊಂದು ಕುಟುಂಬ ಇದ್ದವು. ಫೆಬ್ರವರಿಗೆ ರೊಟ್ಟಿ ಮುಗಿಯಿತು. ಬೇಟೆಯ ಮಾಂಸವೂ ಮುಗಿಯಿತು, ಕಾಡುಹಣ್ಣು ಬರಲು ಇನ್ನೂ ತಿಂಗಳುಗಳಿವೆ. ಜನರ ಒಪ್ಪಿಗೆಯ ಅಂಕಿ 70ರಿಂದ 31ಕ್ಕೆ ಇಳಿಯಿತು, ಹೊಸ ಕುಟುಂಬ ಬರೋದು ನಿಂತಿತು. ನೋಟ್‌ಬುಕ್ಕಿನಲ್ಲಿ ಬೀಜದ ದುಡ್ಡು ಇದೆ. ಅದನ್ನು ಕೊಟ್ಟರೆ ಹೊರಗಿನಿಂದ ಆಹಾರ ತರಿಸಬಹುದು. ನಾನು ಗೇಮ್ ನಿಲ್ಲಿಸಿ ಹತ್ತು ನಿಮಿಷ ಹಾಗೇ ಕೂತಿದ್ದೆ. 1315ರಿಂದ 1317ರವರೆಗೆ ಉತ್ತರ ಯುರೋಪಿನಲ್ಲಿ ಮಳೆ ನಿಲ್ಲದೆ ಸುರಿದು ಬೆಳೆ ಕೊಳೆತು ಮಹಾ ಬರಗಾಲ ಬಂತು. ಆಗ ಜನ ಬೀಜದ ಕಾಳನ್ನೇ ತಿಂದರು. ತಿಂದದ್ದಕ್ಕೆ ಮುಂದಿನ ವರ್ಷ ಬಿತ್ತಲು ಇರಲಿಲ್ಲ, ಬರ ಮುಂದುವರಿಯಿತು. ಇದನ್ನು ನಾನು ಮೊದಲೇ ಓದಿದ್ದೆ. ಆದರೆ ಓದಿದಾಗ ಆಗದ ಸಂಕಟ ಅವತ್ತು ಆ ನೋಟ್‌ಬುಕ್ಕಿನ ಮುಂದೆ ಆಯಿತು. ಕೊನೆಗೆ ಅರ್ಧ ದುಡ್ಡು ತೆಗೆದೆ. ನಿಯಮದ ಪ್ರಕಾರ ಆ ಶರತ್ಕಾಲದಲ್ಲಿ ಬಿತ್ತಬೇಕಿದ್ದ ಪಟ್ಟಿಗಳಲ್ಲಿ ಅರ್ಧ ಖಾಲಿ ಬಿಟ್ಟೆ.

ಊರನ್ನು ಉಳಿಸಿದ್ದು ಹಿತ್ತಿಲು. ರಟ್ಟಿನ ಪ್ರಮಾಣದಲ್ಲಿ ಹಾಕಿದ ಆ ಉದ್ದ ಸೈಟುಗಳಲ್ಲಿ ಹಿಂದೆ ದೊಡ್ಡ ತರಕಾರಿ ತೋಟ ಹಾಕಿಸಿದೆ. ಕಾಳಿನ ಮೇಲೆ ಚರ್ಚು, ಗಿರಣಿ, ಒಡೆಯ ಎಲ್ಲರ ಕೈ ಇದೆ. ಹಿತ್ತಿಲ ಎಲೆಕೋಸಿನ ಲೆಕ್ಕ ಅಷ್ಟು ಬಿಗಿಯಾಗಿ ಯಾರೂ ಇಡುತ್ತಿರಲಿಲ್ಲ. ಸೈಟು ಯಾಕೆ ಅಷ್ಟು ಉದ್ದ ಅನ್ನೋದಕ್ಕೆ ಇನ್ನೊಂದು ಕಾರಣ ನನಗೆ ಆಗ ಹೊಳೆಯಿತು. ಅಳತೆಗಳು ಒಂದಕ್ಕೊಂದು ಆತುಕೊಂಡಿರುತ್ತವೆ. ಕಾಳಿನ ಲೆಕ್ಕ ಸರಿಯಾಗಿ ಹಾಕಿದಾಗಲೇ ಹಿತ್ತಿಲಿನ ಅಳತೆಗೆ ಅರ್ಥ ಬಂತು. ಮೊದಲಿನ ಲೇಔಟ್ ಊರಿನಲ್ಲಿ ಸಣ್ಣ ಸೈಟು ಹಾಕಿಯೂ ಬದುಕಿದ್ದೆವು, ಯಾಕೆಂದರೆ ಅಲ್ಲಿ ಬೀಜ ಪುಕ್ಕಟೆ ಬರುತ್ತಿತ್ತು. ಒಂದು ಎಚ್ಚರ: ಹಿತ್ತಿಲು ತೀರ ದೊಡ್ಡದಾದರೆ ಆ ಮನೆಯವರು ಅಲ್ಲೇ ಕೆಲಸದಲ್ಲಿ ಉಳಿದು ಸುಗ್ಗಿಗೆ ಹೊಲಕ್ಕೆ ಬರೋದು ತಡ ಆಗುತ್ತದೆ. ಅದಕ್ಕೆ ಹೊಲದ ಕೆಲಸಕ್ಕೆ ಹಾಕಿದ ಕುಟುಂಬಗಳಿಗೆ ಕೋಳಿ ಸಾಕು, ತರಕಾರಿಯನ್ನು ಉಳಿದವರಿಗೆ ಕೊಡಿ.

ಗಿರಣಿ ಬಗ್ಗೆ ಒಂದು ಮಾತು ಹೇಳಲೇಬೇಕು. ಎಲ್ಲ ಗೇಮ್‌ನಲ್ಲೂ ಗಾಳಿಗಿರಣಿ ಅಂದರೆ ಚೆಂದದ ಕಟ್ಟಡ, ಕಟ್ಟಿದರೆ ಊರಿಗೆ ಅನುಕೂಲ. ನಿಜದಲ್ಲಿ ಅದು ಒಡೆಯನ ಹಿಡಿತ. ಅವನ ಗಿರಣಿಯಲ್ಲೇ ಬೀಸಿಸಬೇಕು, ಪಾಲು ಕೊಡಬೇಕು. ಮನೆಯಲ್ಲಿ ಬೀಸುಕಲ್ಲು ಇಟ್ಟುಕೊಳ್ಳುವುದೇ ಎಷ್ಟೋ ಕಡೆ ತಪ್ಪು. ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್‌ನಲ್ಲಿ ಮಠದ ಅಧಿಪತಿ ಊರಿನವರ ಮನೆಗಳಿಂದ ಬೀಸುಕಲ್ಲುಗಳನ್ನು ಕಿತ್ತು ತರಿಸಿ, ಅವನ್ನೇ ಮಠದ ಪಡಸಾಲೆಯ ನೆಲಕ್ಕೆ ಹಾಸುಗಲ್ಲು ಮಾಡಿಸಿದ್ದ. ಓಡಾಡಿದಾಗಲೆಲ್ಲ ಊರಿನವರ ಬೀಸುಕಲ್ಲು ಕಾಲಡಿಗೆ. ಐವತ್ತು ವರ್ಷ ಕಳೆದು 1381ರಲ್ಲಿ ರೈತರು ದಂಗೆ ಎದ್ದಾಗ ಆ ಊರಿನವರು ಮಠಕ್ಕೆ ನುಗ್ಗಿ, ಆ ನೆಲವನ್ನು ಅಗೆದು, ಕಲ್ಲುಗಳನ್ನು ಒಡೆದು ಚೂರುಗಳನ್ನು ಹಂಚಿಕೊಂಡರು. ನನ್ನ ಅಜ್ಜಿ ಬೀಸುಕಲ್ಲಿನ ಮುಂದೆ ಕೂತು ಹಾಡುತ್ತಿದ್ದದ್ದು ನನಗೆ ನೆನಪಿದೆ. ಆ ಕಲ್ಲನ್ನು ಯಾರಾದರೂ ಕಿತ್ತುಕೊಂಡು ಹೋಗಿದ್ದರೆ ಅಂತ ಯೋಚನೆ ಬಂದು ಮನಸ್ಸು ಭಾರ ಆಯಿತು. ಗೇಮ್‌ನಲ್ಲಿ ಇದನ್ನು ತೋರಿಸಲು ನನ್ನಿಂದ ಆಗಿದ್ದು ಇಷ್ಟೇ: ಊರು ಎಷ್ಟೇ ಬೆಳೆದರೂ ಒಂದೇ ಗಿರಣಿ, ಅದೂ ಒಡೆಯನ ಮನೆಯ ಪಕ್ಕದ ದಿಬ್ಬದ ಮೇಲೆ. ಹಿಟ್ಟು ತಡವಾದರೆ ಆಗಲಿ.

ಒಂದು ಕಡೆ ನಾನೇ ತಪ್ಪು ತಿಳಿದಿದ್ದೆ. ಕಡಿದ ಕಾಡನ್ನು ಮತ್ತೆ ಬೆಳೆಸಲು ಈ ಗೇಮ್‌ನಲ್ಲಿ ಸಸಿ ನೆಡುವವನ ಗುಡಿಸಲು ಇದೆ. ಇದು ಈಗಿನ ಅರಣ್ಯ ಇಲಾಖೆಯ ಯೋಚನೆ, ಆ ಕಾಲದಲ್ಲಿ ಎಲ್ಲಿತ್ತು ಅಂದುಕೊಂಡು ಅದನ್ನು ಬಳಸುವುದಿಲ್ಲ ಅಂತ ನಿಯಮ ಹಾಕಿಕೊಂಡಿದ್ದೆ. ಆಮೇಲೆ ನೋಡಿದರೆ, ಗೇಮ್ ನಡೆಯುವ ಅದೇ ಸೀಮೆಯಲ್ಲಿ, ಅದೇ ಕಾಲದಲ್ಲಿ, 1368ರಲ್ಲಿ ನ್ಯೂರೆಂಬರ್ಗ್‌ನ ಪೀಟರ್ ಸ್ಟ್ರೋಮರ್ ಅನ್ನುವ ವ್ಯಾಪಾರಿ ಊರಿನ ಪಕ್ಕದ ರೈಕ್ಸ್‌ವಾಲ್ಡ್ ಕಾಡಿನಲ್ಲಿ ಪೈನ್ ಜಾತಿಯ ಬೀಜ ಬಿತ್ತಿಸಿ ಕಾಡು ಬೆಳೆಸಿದ್ದ. ಗಣಿ, ಕುಲುಮೆಗೆ ಕಾಡು ಖಾಲಿ ಆಗುತ್ತಿತ್ತು, ಅದಕ್ಕೆ. ಅದೇ ಕಾಡಿನಲ್ಲಿ ಜೇನು ಸಾಕುವವರಿಗೆ 1350ರಲ್ಲಿ ನಾಲ್ಕನೇ ಚಾರ್ಲ್ಸ್ ರಾಜ (ಚಕ್ರವರ್ತಿ ಆಗಿದ್ದು ಆಮೇಲೆ) ವಿಶೇಷ ಹಕ್ಕು ಕೊಟ್ಟಿದ್ದ, ಅವರ ತಕರಾರಿಗೆ ಫೊಯ್ಖ್ಟ್ ಅನ್ನುವ ಊರಿನಲ್ಲಿ ಅವರದೇ ನ್ಯಾಯಕಟ್ಟೆ ಇತ್ತು. ಗೇಮ್‌ನ ಗುಡಿಸಲೂ ಸರಿ, ಜೇನುಪೆಟ್ಟಿಗೆಯೂ ಸರಿ. ನನ್ನ ನಿಯಮ ತೆಗೆದು ಹಾಕಿದೆ. ಸೌದೆಗೆ ಮಾತ್ರ ಬೇರೆ ರೀತಿ ಇತ್ತು. ಮರವನ್ನು ಬುಡಕ್ಕೆ ಕಡಿದು ಬೇರು ಬಿಟ್ಟರೆ ಮತ್ತೆ ಚಿಗುರುತ್ತದೆ, ಕೆಲವು ವರ್ಷಕ್ಕೆ ಮತ್ತೆ ಕಡಿಯಬಹುದು. ಇದನ್ನು ಗೇಮ್‌ಗೆ ತರುವ ದಾರಿ ನನಗೆ ಸಿಗಲಿಲ್ಲ.

ಊರಿನ ಗಾತ್ರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಗೇಮ್‌ನಲ್ಲಿ ಮುನ್ನೂರು ಜನ ಆದರೆ ಇದೇನು ಪಟ್ಟಣವಾ ಅನ್ನಿಸುತ್ತದೆ. ಆಗಿನ ಜರ್ಮನಿಯಲ್ಲಿ ಪಟ್ಟಣ ಅನ್ನಿಸಿಕೊಂಡವುಗಳಲ್ಲೂ ಬಹುಪಾಲು ಎರಡು ಸಾವಿರ ಜನ ದಾಟುತ್ತಿರಲಿಲ್ಲ. ದೊಡ್ಡ ಊರುಗಳಲ್ಲಿ ಒಂದು ನ್ಯೂರೆಂಬರ್ಗ್, ಅದರಲ್ಲೂ ಸುಮಾರು 20,000. ಮುನ್ನೂರು ಸರಿಯಾಗೇ ಇದೆ.

ನನಗೆ ಈ ಗೇಮ್‌ನಲ್ಲಿ ಅತಿ ದೊಡ್ಡ ಕೊರತೆ ಅನ್ನಿಸಿದ್ದು ಹಿಸ್ಸಾ. ಒಮ್ಮೆ ಹಾಕಿದ ಸೈಟು ಹಾಗೇ ಇರುತ್ತದೆ. ನಿಜದಲ್ಲಿ ಹಾಗೆ ಎಲ್ಲಿರುತ್ತದೆ? ಅಪ್ಪ ಸಾಯುತ್ತಾನೆ, ಇಬ್ಬರು ಮಕ್ಕಳು, ಸೈಟು ಉದ್ದಕ್ಕೆ ಸೀಳುತ್ತದೆ, ಯಾಕೆಂದರೆ ಇಬ್ಬರಿಗೂ ರಸ್ತೆ ಮುಖ ಬೇಕು. ಅರ್ಧ ಸೈಟು, ಕಾಲು ಸೈಟು ಅಂತ ಅಲ್ಲಿನ ಹಳೇ ದಾಖಲೆಗಳಲ್ಲೂ ಇವೆ. ನಾನು ದಿನಾ ಅಳೆಯುವ ಹೊಲಗಳೂ ಹೀಗೇ ಸೀಳಿ ಸೀಳಿ ಎತ್ತು ತಿರುಗಲೂ ಆಗದಷ್ಟು ಸಣ್ಣವಾಗಿವೆ. ಹಾಗಾಗಿ ಹತ್ತನೇ ವರ್ಷದಿಂದ ಪ್ರತಿ ವರ್ಷ ಚೀಟಿ ಎತ್ತಿ ಒಂದು ಸೈಟು ಆರಿಸಿ, ಮನೆ ಕೆಡವಿ, ಅದೇ ಜಾಗದಲ್ಲಿ ಉದ್ದಕ್ಕೆ ಎರಡು ಸೈಟು ಎಳೆದೆ. ಮೊದಲ ಸಲ ನವೆಂಬರ್‌ನಲ್ಲಿ ಮಾಡಿಬಿಟ್ಟೆ. ಎತ್ತುಗಳು ಬೇರೆ ಕೆಲಸದಲ್ಲಿದ್ದವು, ದಿಮ್ಮಿ ಬರಲಿಲ್ಲ, ಆ ಕುಟುಂಬ ಇಡೀ ಚಳಿಗಾಲ ಮನೆ ಇಲ್ಲದೆ ಕಳೆಯಿತು. ಅದರ ನಂತರ ಮಾರ್ಚ್‌ನಲ್ಲೇ ಮಾಡುತ್ತೇನೆ, ದಿಮ್ಮಿಗಳನ್ನು ಮೊದಲೇ ಸೈಟಿನ ಹತ್ತಿರ ತರಿಸಿ ಇಟ್ಟುಕೊಂಡು.

ಹೀಗೆ ಆರು ಸೈಟು ಸೀಳಿದ ಮೇಲೆ ಆ ಬೀದಿ ನೋಡಬೇಕು. ಒಂದು ಮನೆ ಅಗಲ, ಪಕ್ಕದ್ದು ಕಿರಿದು, ಅದರ ಪಕ್ಕದ್ದು ಇನ್ನೂ ಕಿರಿದು, ಹಿಂದೆ ಮಾತ್ರ ಎಲ್ಲ ಗೆರೆಗಳೂ ಅದೇ ಹಳೇ ಓಣಿಗೆ ಹೋಗಿ ಮುಟ್ಟುತ್ತವೆ.

ಈಗ ಹೊಸ ಮ್ಯಾಪ್ ತೆಗೆದಿದ್ದೇನೆ. ಈ ಸಲ ವಾಲ್ಡ್‌ಹೂಫೆನ್ ರೀತಿಯ ಹಳ್ಳಿ, ಅಂದರೆ ಕಾಡು ಕಡಿದು ಹೊಸದಾಗಿ ಕೂತವರ ಊರು. ಹಳ್ಳದ ಉದ್ದಕ್ಕೂ ಒಂದೇ ಸಾಲು ಮನೆ, ಒಬ್ಬೊಬ್ಬರ ಮನೆ ಹಿಂದಿನಿಂದ ಅವರವರ ಹೊಲದ ಪಟ್ಟಿ ಕಾಡಿನವರೆಗೆ ಒಂದೇ ಓಟದಲ್ಲಿ ಹೋಗುತ್ತದೆ. ಇಲ್ಲಿ ಚೂರುಪಾರು ಹೊಲ ಇಲ್ಲ. ಒಂದು ಕುಟುಂಬದ ಪಾಲಿನ ನೆಲಕ್ಕೆ ಹೂಫೆ ಅಂತ ಹೆಸರು. ಫ್ರಾಂಕೋನಿಯಾದ ಹೂಫೆ ಅಂದರೆ ಸುಮಾರು 24 ಹೆಕ್ಟೇರ್, ನಮ್ಮ ಲೆಕ್ಕಕ್ಕೆ 60 ಎಕರೆ ಹತ್ತಿರ. ಗೇಮ್‌ನ ಮ್ಯಾಪ್‌ನಲ್ಲಿ ಅಂಥ ಎಷ್ಟು ಪಟ್ಟಿ ಹಿಡಿಸುತ್ತವೆ ಅಂತ ಇನ್ನೂ ಲೆಕ್ಕ ಹಾಕುತ್ತಿದ್ದೇನೆ. ರಟ್ಟು ಕತ್ತರಿಸಿ ಇಟ್ಟಿದ್ದೇನೆ, ದೊಡ್ಡಪ್ಪ ಮುಂದಿನ ವಾರ ಬರುತ್ತಾರೆ.